ಮೇಂಟೆನೆನ್ಸ್ ನಮ್ಮದು, ಮಾತು ಮಾಲೀಕರದ್ದು

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಾರ್ಷಿಕ ಸಭೆ ಇತ್ತು. ಬೆಳಗ್ಗೆಯೇ ಕ್ಲಬ್‌ಹೌಸಿನಲ್ಲಿ ಕುರ್ಚಿ ಜೋಡಿಸಿದವರಲ್ಲಿ ನಾನೂ ಒಬ್ಬ. ಸಭೆ ಶುರುವಾಗುವ ಹೊತ್ತಿಗೆ ಸಹಿ ಪುಸ್ತಕ ಹಿಡಿದು ಕೂತಿದ್ದವರು, 'ಸಾರ್, ನೀವು ಟೆನೆಂಟ್ ಅಲ್ವಾ? ಇದು ಓನರ್ಸ್ ಮೀಟಿಂಗು' ಎಂದರು. ನಗುತ್ತಲೇ ಹೇಳಿದರು. ನಾನೂ ನಗುತ್ತಲೇ ಎದ್ದು ಬಂದೆ. ಸಿಟ್ಟು ಬಂದಿದ್ದು ಮನೆ ಸೇರಿದ ಮೇಲೆ.

ನಾವು ಇಲ್ಲಿಗೆ ಬಂದು ಏಳು ವರ್ಷ ಆಯಿತು. ತಿಂಗಳ ಮೇಂಟೆನೆನ್ಸ್ ಕಟ್ಟುವುದು ನಾವೇ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಕೈಕೊಟ್ಟಾಗ ನಮ್ಮದೂ ಬತ್ತಿತು. ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ ಬರುವ ಟ್ಯಾಂಕರ್ ಕಾಯಲು ಪಾಳಿ ಹಾಕಿಕೊಂಡೆವು. ಪಾಳಿಯಲ್ಲಿ ಬಾಡಿಗೆಯವರೇ ಜಾಸ್ತಿ. ಜಲಮಂಡಳಿ ನಲ್ಲಿಗಳಿಗೆ ನೀರು ಉಳಿಸುವ ಏರೇಟರ್ ಹಾಕಿಸಿ ಎಂದಾಗ ಮನೆಮನೆಯ ಬಾಗಿಲು ತಟ್ಟಿದ್ದು ಎರಡನೇ ಮಹಡಿಯ ಬ್ಯಾಚುಲರ್ ಹುಡುಗರು. ಬ್ಯಾಚುಲರ್‌ಗಳಿಗೆ ಮನೆ ಕೊಡಬಾರದು ಅಂತ ಅದರ ಹಿಂದಿನ ವರ್ಷದ ಸಭೆಯಲ್ಲಿ ಮಾತಾಗಿತ್ತಂತೆ, ಅದು ಬಿಡಿ.

ನಮ್ಮ ಮನೆ ಮಾಲೀಕರು ಅಮೆರಿಕದಲ್ಲಿದ್ದಾರೆ. ಒಳ್ಳೆಯವರು. ಈ ಸಲ ಟ್ಯಾಂಕರ್ ಗುತ್ತಿಗೆ ಯಾರಿಗೆ ಎಂಬುದಕ್ಕೆ ಅವರ ವೋಟು ಪ್ರಾಕ್ಸಿಯಲ್ಲಿ, ಅಂದರೆ ಅವರ ಪರವಾಗಿ ಇನ್ನೊಬ್ಬರ ಕೈಯಲ್ಲಿ, ಬಂತು. ಆ ಪ್ರಾಕ್ಸಿ ನನಗೇ ಕೊಡಬಹುದಿತ್ತಲ್ಲ ಎಂದು ಕೇಳಿದೆ. ಇನ್ನೊಬ್ಬ ಮಾಲೀಕರಿಗೇ ಕೊಡಿ ಎಂದು ಸಂಘದವರು ಹೇಳಿದ್ದರಂತೆ.

ಕಾನೂನು ಕೇಳಿದರೆ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ತೋರಿಸುತ್ತಾರೆ. ಹೆಸರೇ ಹೇಳುವಂತೆ ಅದು ಮಾಲೀಕರಿಗಾಗಿ ಮಾಡಿದ್ದು. ಸರಿ, ಆಸ್ತಿ ಅವರದ್ದು, ಸಾಲದ ಕಂತು ಅವರದ್ದು. ಹೊಸ ಲಿಫ್ಟಿಗೆ ಅವರು ಲಕ್ಷಗಟ್ಟಲೆ ಹಾಕಬೇಕೋ ಬೇಡವೋ ಎಂಬುದಕ್ಕೆ ನಾನು ಕೈ ಎತ್ತಿದರೆ ತಪ್ಪು. ಆದರೆ ಕಸ ಯಾವಾಗ ಒಯ್ಯಬೇಕು, ನೀರು ಎಷ್ಟು ಹೊತ್ತು ಬಿಡಬೇಕು, ಮಕ್ಕಳು ಎಲ್ಲಿ ಆಡಬೇಕು, ಮನೆಗೆಲಸದವರು ಯಾವ ಲಿಫ್ಟ್ ಹತ್ತಬೇಕು? ಇದಕ್ಕೂ ಕ್ರಯಪತ್ರ ಬೇಕೇ?

'ಬಾಡಿಗೆಯವರು ಇವತ್ತು ಇದ್ದು ನಾಳೆ ಹೋಗುವವರು' ಎನ್ನುತ್ತಾರೆ. ಹನ್ನೊಂದು ತಿಂಗಳ ಕರಾರು ಬರೆಸಿಕೊಳ್ಳುವವರು ಯಾರು ಸ್ವಾಮಿ? ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ ಅಂತ ತಾನೇ? ನನ್ನ ಹತ್ತಿರ ಅಂಥ ಏಳು ಕರಾರು ಫೈಲಿನಲ್ಲಿವೆ.

ಈಗ ಕೋಹೌಸಿಂಗ್ ಮಾತು ನಮ್ಮ ಊರಲ್ಲೂ ಕೇಳುತ್ತಿದೆ. ಮನೆಗಳು ಬೇರೆ ಬೇರೆ, ಒಂದು ದೊಡ್ಡ ಅಡುಗೆ ಕೋಣೆ, ಅಂಗಳ, ಕೆಲಸ ಒಟ್ಟಿಗೆ. ಇದು ಹುಟ್ಟಿದ್ದು ಡೆನ್ಮಾರ್ಕ್‌ನಲ್ಲಿ. ಅಲ್ಲಿನ ಮೊದಲ ಕೋಹೌಸಿಂಗ್ ಸೆಟ್ಟೆದಾಮೆನ್‌ಗೆ ಜನ ಬಂದಿದ್ದೂ ನಮ್ಮ ಈ ಕಾಯ್ದೆಯ ವರ್ಷ, 1972ರಲ್ಲೇ. ಅದು ಮನೆ ಕೊಂಡವರ ಊರು. ಆದರೆ 1978ರಲ್ಲಿ ಟಿಂಗ್‌ಗೋರ್ಡನ್ ಎಂಬ ಇನ್ನೊಂದು ಕೋಹೌಸಿಂಗ್ ಕಟ್ಟಿದಾಗ ಅಲ್ಲಿ ಇಟ್ಟಿದ್ದು ಬರೀ ಬಾಡಿಗೆ ಮನೆಗಳನ್ನು. ಕೆಲವು ಮನೆಗಳ ಒಂದೊಂದು ಗುಂಪಿಗೂ ಎಲ್ಲರೂ ಕೂಡಲು ಒಂದು ಮನೆ. ಅಂಥ ಲಾಭರಹಿತ ವಸತಿಗಳಲ್ಲಿ ಬಾಡಿಗೆದಾರರೇ ಸಮಿತಿ ಆರಿಸುತ್ತಾರೆ, ವರ್ಷದ ಬಜೆಟ್ಟಿಗೆ ಒಪ್ಪಿಗೆ ಕೊಡುತ್ತಾರೆ. ಆಸ್ತಿ ಇಲ್ಲದವರು ಸುಮ್ನೆ ಕೂರಬೇಕು ಅಂತ ಅಲ್ಲಿ ಯಾರೂ ಹೇಳಲಿಲ್ಲ.

ಅಷ್ಟು ದೂರ ಯಾಕೆ? ನಾನು ಬೆಳೆದಿದ್ದು ಬಸವನಗುಡಿಯ ವಠಾರದಲ್ಲಿ. ಎಂಟು ಮನೆ, ಒಂದು ಬಾವಿ, ಒಂದು ನಲ್ಲಿ. ಮಾಲೀಕರು ಮುಂದಿನ ಮನೆಯಲ್ಲಿ. ಅವರ ದರ್ಬಾರು ಕಡಿಮೆ ಇರಲಿಲ್ಲ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಬೀಳುತ್ತಿತ್ತು, ಸಿನಿಮಾದ ಸೆಕೆಂಡ್ ಶೋ ನೋಡಿದವರು ಕಾಂಪೌಂಡ್ ಹಾರಬೇಕು. ಆದರೆ ಬೆಳಗ್ಗೆ ನಲ್ಲಿಯ ಮುಂದಿನ ಸಾಲಿನಲ್ಲಿ ಅವರ ಮನೆಯ ತಾಮ್ರದ ಕೊಡವೂ ಇರುತ್ತಿತ್ತು. ನೀರಿನ ಜಗಳಕ್ಕೆ ಅವರೂ ಸಿಕ್ಕುತ್ತಿದ್ದರು, ನಮ್ಮಮ್ಮ ಅವರಿಗೆ ಮುಖದ ಮೇಲೇ ಹೇಳುತ್ತಿದ್ದಳು.

ಅಪಾರ್ಟ್‌ಮೆಂಟ್ ಕಾಯ್ದೆ ಹಳತಾಯಿತು, ಬದಲಾಗಬೇಕು ಎಂದು ಮಾಲೀಕರೂ ಕೇಳುತ್ತಿದ್ದಾರೆ. ಬದಲಿಸುವಾಗ ವರ್ಷಕ್ಕಿಂತ ಜಾಸ್ತಿ ವಾಸವಿದ್ದ ಬಾಡಿಗೆದಾರರಿಗೆ ದಿನನಿತ್ಯದ ವಿಷಯಗಳಲ್ಲಿ ವೋಟು ಕೊಡಲಿ. ಅದಕ್ಕೆ ಕಾಯಬೇಕಿಲ್ಲ. ನೀರು ಮತ್ತು ಕಸದ ಉಪಸಮಿತಿಯಲ್ಲಿ ಇಬ್ಬರು ಬಾಡಿಗೆದಾರರಿರಲಿ, ಮೇಂಟೆನೆನ್ಸ್ ಲೆಕ್ಕ ನೋಟಿಸ್ ಬೋರ್ಡಿಗೆ ಬರಲಿ ಎಂದು ನಮ್ಮ ಸಂಘಕ್ಕೆ ಅರ್ಜಿ ಬರೆದಿದ್ದೇನೆ. 23 ಬಾಡಿಗೆ ಮನೆಗಳ ಸಹಿ ಆಗಿದೆ. 9 ಮಾಲೀಕರೂ ಸಹಿ ಹಾಕಿದ್ದಾರೆ, ಅದರಲ್ಲಿ ಅವತ್ತು ಸಹಿ ಪುಸ್ತಕ ಹಿಡಿದು ಕೂತಿದ್ದವರೂ ಒಬ್ಬರು.

— ಒಬ್ಬ ಬಾಡಿಗೆದಾರ, ಬೆಂಗಳೂರು