ಹೊವಾಟ್ಸಿನ್‌ನ ಅಚ್ಚರಿ ಇರುವುದು ಗಂಟಲಿನಲ್ಲಿ

ಮಾನ್ಯ ಸಂಪಾದಕರೇ,

ದಕ್ಷಿಣ ಅಮೆರಿಕದ ಹೊವಾಟ್ಸಿನ್ ಹಕ್ಕಿಯ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಬರಹ ಸೊಗಸಾಗಿತ್ತು. ಆದರೆ ಮರಿಯ ರೆಕ್ಕೆಯಲ್ಲಿರುವ ಉಗುರುಗಳನ್ನೇ ಮುಂದಿಟ್ಟುಕೊಂಡು ಅದನ್ನು ‘ಜೀವಂತ ಪಳೆಯುಳಿಕೆ’, ಅಂದರೆ ಪುರಾತನ ರೂಪದಲ್ಲೇ ಬದಲಾಗದೆ ಉಳಿದ ಜೀವಿ, ಎಂದು ಕರೆದದ್ದಕ್ಕೆ ನನ್ನ ಆಕ್ಷೇಪವಿದೆ.

ಅಮೆಜಾನ್ ಮತ್ತು ಒರಿನೋಕೊ ನದಿಗಳ ಜೌಗು ಕಾಡುಗಳಲ್ಲಿ ಈ ಹಕ್ಕಿ ನೀರಿನ ಮೇಲೆ ಚಾಚಿದ ಕೊಂಬೆಗಳಲ್ಲಿ ಗೂಡು ಕಟ್ಟುತ್ತದೆ. ಶತ್ರು ಸುಳಿದರೆ ಮರಿ ಗೂಡಿನಿಂದ ನೀರಿಗೆ ಧುಮುಕಿ, ಅಪಾಯ ಕಳೆದ ಮೇಲೆ ಈಜಿ ಬಂದು, ಒಂದೊಂದು ರೆಕ್ಕೆಯಲ್ಲೂ ಇರುವ ಎರಡೆರಡು ಉಗುರುಗಳನ್ನು ಕೊಂಬೆ ಬಳ್ಳಿಗಳಿಗೆ ಸಿಕ್ಕಿಸುತ್ತ ಮೇಲೇರುತ್ತದೆ. ಬೆಳೆದ ಹಕ್ಕಿಯಲ್ಲಿ ಆ ಉಗುರುಗಳು ಉಳಿಯುವುದಿಲ್ಲ. ಡೈನೋಸಾರ್ ಕಾಲದ ಪುರಾತನ ಹಕ್ಕಿ ಆರ್ಕಿಯಾಪ್ಟೆರಿಕ್ಸ್‌ಗಿದ್ದದ್ದು ರೆಕ್ಕೆಗೆ ಮೂರು ಉಗುರು, ಅದೂ ಬೆಳೆದ ಮೇಲೆ. ಆಫ್ರಿಕಾದ ಟುರಾಕೋ ಎಂಬ ಹಕ್ಕಿಯ ಮರಿಗಳಲ್ಲೂ ರೆಕ್ಕೆಯುಗುರು ಕಾಣುತ್ತದೆ. ಹೀಗಿರುವಾಗ ಇದನ್ನು ನೀರಿನ ಮೇಲಿನ ಗೂಡಿಗೆ ಹೊಂದಿಕೊಂಡ ಉಪಾಯವೆಂದು ನೋಡುವುದೇ ಹೆಚ್ಚು ಸರಿ.

ಬರಹದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋದ ಜೀರ್ಣಕ್ರಿಯೆಯೇ ನಿಜವಾಗಿ ಈ ಹಕ್ಕಿಯ ವೈಶಿಷ್ಟ್ಯ. ಇದರ ಆಹಾರದಲ್ಲಿ ಐದರಲ್ಲಿ ನಾಲ್ಕು ಪಾಲು ಎಲೆಯೇ. ಹಾರುವ ಜೀವಿಗೆ ಎಲೆ ದುಬಾರಿ ಊಟ: ನಾರು ಹೆಚ್ಚು, ಸತ್ವ ಕಡಿಮೆ, ಅರಗಲು ಬಹಳ ಹೊತ್ತು ಬೇಕು. ಹೊವಾಟ್ಸಿನ್‌ನ ಹಿಗ್ಗಿದ ಗಂಟಲ ಚೀಲ ಮತ್ತು ಅನ್ನನಾಳದ ಕೆಳಭಾಗದಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು, ದನದ ಮೊದಲ ಹೊಟ್ಟೆಯಲ್ಲಿ ನಡೆಯುವಂತೆಯೇ, ಎಲೆಯನ್ನು ಹುದುಗಿಸಿ ಮೇದಾಮ್ಲಗಳಾಗಿ ಒಡೆಯುತ್ತವೆ. ವೆನಿಜುವೆಲಾದ ಹಕ್ಕಿಗಳನ್ನು ಅಧ್ಯಯನ ಮಾಡಿದ ಅಲೆಹಾಂಡ್ರೊ ಗ್ರಾಹಲ್ ಮತ್ತು ಸಂಗಡಿಗರು 1989ರಲ್ಲಿ ಇದನ್ನು ಪ್ರಕಟಿಸಿದರು. ಮುಂದೆ ಹೊಟ್ಟೆಯಲ್ಲಿ ಆ ಬ್ಯಾಕ್ಟೀರಿಯಾಗಳನ್ನೇ ಒಡೆದು ಪೋಷಕಾಂಶ ಪಡೆಯಲು ಲೈಸೋಜೈಮ್ ಎಂಬ ಕಿಣ್ವವಿದೆ. ದನಗಳಲ್ಲಿ, ಎಲೆ ತಿನ್ನುವ ಲಂಗೂರ್‌ಗಳಲ್ಲಿ, ಈ ಹಕ್ಕಿಯಲ್ಲಿ ಅದು ಬೇರೆ ಬೇರೆಯಾಗಿಯೇ ವಿಕಾಸಗೊಂಡು ಒಂದೇ ಬಗೆಯ ಕೆಲಸಕ್ಕೆ ಒಗ್ಗಿದೆ. ಅರೆ ಹುದುಗಿದ ಎಲೆಯನ್ನು ತಾಯಿತಂದೆ ಮರಿಗೆ ಕಕ್ಕಿ ಉಣಿಸುವುದರಿಂದ ಬ್ಯಾಕ್ಟೀರಿಯಾಗಳೂ ಅದರ ಜೊತೆಗೇ ಮರಿಗೆ ದಾಟುತ್ತವೆ.

ಈ ಅನುಕೂಲಕ್ಕೆ ಹಕ್ಕಿ ತೆತ್ತ ಬೆಲೆಯೂ ಸಣ್ಣದಲ್ಲ. ಗಂಟಲ ಚೀಲಕ್ಕೆ ಜಾಗ ಬಿಟ್ಟುಕೊಟ್ಟು ಎದೆಮೂಳೆಯ ಏಣು ಕುಗ್ಗಿದೆ. ಅದಕ್ಕೆ ಅಂಟಿದ ಹಾರುವ ಸ್ನಾಯುಗಳೂ ಕಿರಿದಾಗಿವೆ. ಹೊಟ್ಟೆ ತುಂಬಿದ ಹಕ್ಕಿ ಎದೆಯಡಿಯ ದಪ್ಪ ಚರ್ಮದ ಗಂಟನ್ನು ಕೊಂಬೆಗೆ ಊರಿ, ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಕೂರುತ್ತದೆ. ಹಾರಿದರೂ ತಡವರಿಸುತ್ತ ಸ್ವಲ್ಪ ದೂರ ಮಾತ್ರ. ಹುದುಗುವಿಕೆಯಿಂದಾಗಿ ಅದರ ಮೈ ಸಗಣಿಯಂತೆ ನಾರುತ್ತದೆ. ಗಯಾನಾ ದೇಶ ಇದನ್ನೇ ರಾಷ್ಟ್ರಪಕ್ಷಿಯಾಗಿ ಆರಿಸಿಕೊಂಡಿರುವುದು ಮೆಚ್ಚತಕ್ಕ ಮಾತು.

ಇದರ ವಂಶ ಹಳೆಯದೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಫ್ರಾನ್ಸ್ ಮತ್ತು ನಮೀಬಿಯಾಗಳಲ್ಲೂ ಇದರ ಬಂಧುಗಳ ಪಳೆಯುಳಿಕೆ ಸಿಕ್ಕಿದೆ. ಆದರೆ ಹಳೆಯ ವಂಶವೆಂದರೆ ಬದಲಾಗದೆ ನಿಂತ ದೇಹವೆಂದಲ್ಲ. ಈ ವಿಷಯವನ್ನು ಮತ್ತೆ ಎತ್ತಿಕೊಳ್ಳುವುದಾದರೆ ಉಗುರಿನ ಚಿತ್ರದ ಪಕ್ಕದಲ್ಲಿ ಗಂಟಲ ಚೀಲ ಮತ್ತು ಎದೆಮೂಳೆಗಳ ರೇಖಾಚಿತ್ರವನ್ನೂ ದಯವಿಟ್ಟು ಮುದ್ರಿಸಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಓದುಗ