ಬ್ರೇಕ್ ಲೈಟ್ ಕೈಕೊಟ್ಟಾಗ: ಮಗಳಿಗೊಂದು ಪತ್ರ

ಬೆಳಗಾವಿ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ನೀನು ವಿಜಯಪುರದಿಂದ ಕಳಿಸಿದ ವಿಡಿಯೊ ನೋಡಿದೆ. ಬ್ರೇಕ್ ತುಳಿದಾಗ ಎಡಗಡೆಯ ದೀಪ ಛಲೋ ಉರಿಯುತ್ತದೆ, ಬಲಗಡೆಯದು ಮಂಕು. ಹೆಡ್‌ಲೈಟ್ ಸ್ವಿಚ್ ಆಫ್ ಇದ್ದರೂ ನಂಬರ್ ಪ್ಲೇಟಿನ ದೀಪ ಸಣ್ಣಗೆ ಮಿಣುಕುತ್ತಿದೆ. ಬಲಗಡೆ ಇಂಡಿಕೇಟರ್ ಹಾಕಿದರೆ ಆ ಕಡೆಯ ದೀಪಗಳೆಲ್ಲ ಒಟ್ಟಿಗೆ ಏರಿಳಿಯುತ್ತವೆ. ಅಂಗಡಿಯವರು ಬಲ್ಬ್ ಬದಲಿಸಿ ಅಂದರಂತೆ. ಬದಲಿಸಬೇಡ. ಫಿಲಮೆಂಟ್, ಅಂದರೆ ಬಲ್ಬಿನೊಳಗೆ ಉರಿಯುವ ಸಣ್ಣ ತಂತಿ, ಹರಿದ ಬಲ್ಬ್ ಉರಿಯುವುದೇ ಇಲ್ಲ. ಮಂಕಾಗಿ ಉರಿಯುತ್ತ ಸಂಬಂಧವಿಲ್ಲದ ದೀಪವನ್ನೂ ಎಬ್ಬಿಸುತ್ತಿದೆ ಅಂದರೆ ದೋಷ ಇರುವುದು ಅರ್ತ್‌ನಲ್ಲಿ, ಅಂದರೆ ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿಯಲ್ಲಿ.

ನಿನ್ನ ಕಾರಿನ ಹಿಂದಿನ ಬಲ್ಬ್ ಪಿ21/5ಡಬ್ಲ್ಯು. ಒಂದೇ ಗಾಜಿನೊಳಗೆ ಎರಡು ಫಿಲಮೆಂಟ್: 21 ವ್ಯಾಟಿನದು ಬ್ರೇಕಿಗೆ, 5 ವ್ಯಾಟಿನದು ರಾತ್ರಿ ಉರಿಯುವ ಟೇಲ್ ಲೈಟಿಗೆ. ಎರಡಕ್ಕೂ ಅರ್ತ್ ಒಂದೇ, ಬಲ್ಬಿನ ಹಿತ್ತಾಳೆ ಬುಡ. 21 ವ್ಯಾಟಿನ ಫಿಲಮೆಂಟ್ 12 ವೋಲ್ಟಿನಲ್ಲಿ 1.75 ಆಂಪಿಯರ್ ಎಳೆಯುತ್ತದೆ. ಆ ಕರೆಂಟಿಗೆ ಅರ್ತ್‌ನ ದಾರಿ ಕಟ್ಟಿಕೊಂಡರೆ ಅದು ಸುಮ್ಮನೆ ನಿಲ್ಲುವುದಿಲ್ಲ. 5 ವ್ಯಾಟಿನ ಫಿಲಮೆಂಟಿನೊಳಗಿಂದ ಉಲ್ಟಾ ಹರಿದು ಟೇಲ್ ಲೈಟಿನ ವೈರಿಗೆ ಸೇರುತ್ತದೆ, ಅಲ್ಲಿಂದ ನಂಬರ್ ಪ್ಲೇಟಿನ ದೀಪ, ಡ್ಯಾಶ್‌ಬೋರ್ಡಿನ ದೀಪ ಹೀಗೆ ಯಾವುದರ ಅರ್ತ್ ನೆಟ್ಟಗಿದೆಯೋ ಅದರ ಮೂಲಕ ಇಳಿಯುತ್ತದೆ. ನಿನ್ನ ವಿಡಿಯೊದಲ್ಲಿ ಕಂಡದ್ದು ಇದೇ.

ಇನ್ನು ಅಳೆದು ಖಾತ್ರಿ ಮಾಡಿಕೋ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡು. ಬ್ರೇಕ್ ಪೆಡಲ್ ಮತ್ತು ಸೀಟಿನ ನಡುವೆ ಒಂದು ಕೋಲು ಕೊಟ್ಟರೆ ಪೆಡಲ್ ಒತ್ತಿಕೊಂಡೇ ಇರುತ್ತದೆ, ಇನ್ನೊಬ್ಬರು ಬೇಕಾಗಿಲ್ಲ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ ಹೋಗಬೇಕು. ಐದು ಮೀಟರ್ ವೈರಿಗೆ ಎರಡೂ ತುದಿ ಕ್ಲಿಪ್ ಹಾಕಿ ಇಟ್ಟುಕೊಂಡರೆ ಡಿಕ್ಕಿಯವರೆಗೆ ಸಾಕು. ಕೆಂಪು ಕಡ್ಡಿಯನ್ನು ಬಲ್ಬ್ ಉರಿಯುತ್ತಿರುವಾಗಲೇ ಹೋಲ್ಡರಿನ ಅರ್ತ್ ಪಟ್ಟಿಗೆ ಮುಟ್ಟಿಸು. 0.1 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಅರ್ತ್ ಸರಿ ಇದೆ. 0.5 ದಾಟಿದರೆ ಕೆಟ್ಟಿದೆ. ನಿನ್ನದರಲ್ಲಿ ಇನ್ನೂ ಹೆಚ್ಚೇ ಬರುತ್ತದೆ. ಆಮೇಲೆ ಕೆಂಪು ಕಡ್ಡಿಯನ್ನು ಅದೇ ಅರ್ತ್ ವೈರ್ ಬಾಡಿಗೆ ಸೇರುವ ಬೋಲ್ಟಿನ ಮೇಲೆ ಇಟ್ಟು ನೋಡು. ಬೋಲ್ಟಿನ ಮೇಲೆ ಸೊನ್ನೆ, ಹೋಲ್ಡರಿನಲ್ಲಿ 2 ವೋಲ್ಟ್ ಬಂದರೆ ದೋಷ ಇವೆರಡರ ನಡುವಿನ ವೈರು ಅಥವಾ ಕನೆಕ್ಟರಿನಲ್ಲಿದೆ. ಎರಡು ಕಡೆಯೂ 2 ವೋಲ್ಟ್ ಬಂದರೆ ಬೋಲ್ಟೇ ಬಾಡಿಗೆ ಸರಿಯಾಗಿ ಕಚ್ಚಿಲ್ಲ.

ಇದನ್ನು ಓಮ್ಸ್ ಇಟ್ಟು ಅಳೆಯಲು ಹೋಗಬೇಡ. ಅರ್ಧ ಓಮ್ ತೊಡಕು ಇದ್ದರೇ ಸುಮಾರು ಒಂದು ವೋಲ್ಟ್ ತಿಂದುಹಾಕುತ್ತದೆ, ಆದರೆ ಸಾಮಾನ್ಯ ಮೀಟರಿನ ಕಡ್ಡಿಗಳೇ ಅಷ್ಟು ಓಮ್ಸ್ ತೋರಿಸುತ್ತವೆ. ಬಲ್ಬ್ ತೆಗೆದು ಬರೀ ವೋಲ್ಟ್ ನೋಡುವುದೂ ಮೋಸವೇ. ವೈರಿನ ಎಳೆಗಳೆಲ್ಲ ಹರಿದು ಒಂದೇ ಎಳೆ ಉಳಿದಿದ್ದರೂ ಮೀಟರ್ 12.4 ತೋರಿಸುತ್ತದೆ. ಬಲ್ಬ್ ಹಾಕಿದ ಕೂಡಲೇ ಆ ಎಳೆ ಸೋಲುತ್ತದೆ. ಕರೆಂಟ್ ಹರಿಯುತ್ತಿರುವಾಗ ಅಳೆದದ್ದನ್ನಷ್ಟೇ ನಂಬು. ಪ್ಲಸ್ ಕಡೆಗೂ ಇದೇ ರೀತಿ: ಬ್ಯಾಟರಿಯ ಪ್ಲಸ್ಸಿನಿಂದ ಬಲ್ಬಿನ ಬ್ರೇಕ್ ತುದಿಯವರೆಗೆ ಕಳೆದುಹೋಗುವುದು ಅರ್ಧ ವೋಲ್ಟಿನೊಳಗೆ ಇರಬೇಕು. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ಹತ್ತು ಪರ್ಸೆಂಟ್ ಕಡಿಮೆಯಾದರೆ ಬೆಳಕು ಹತ್ತಿರಹತ್ತಿರ ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಂಥ ದೀಪ ಹಿಂದಿನವರಿಗೆ ಕಾಣುವುದೇ ಇಲ್ಲ.

ರಿಪೇರಿ ದೊಡ್ಡದಲ್ಲ. ಡಿಕ್ಕಿಯ ಪಕ್ಕದ ಪ್ಲಾಸ್ಟಿಕ್ ಹೊದಿಕೆ ಸರಿಸಿದರೆ ಕಪ್ಪು ಅಥವಾ ಕಂದು ವೈರು ಉಂಗುರದ ಟರ್ಮಿನಲ್ಲಿನಿಂದ ಬಾಡಿಗೆ ಬಿಗಿದಿರುವುದು ಸಿಗುತ್ತದೆ. ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಅದಕ್ಕೆ ವೈರನ್ನು ಹೋಲ್ಡರಿನಿಂದಲೇ ಹಿಡಿದು ಹೋಗು. ಬೋಲ್ಟ್ ಬಿಚ್ಚಿ ಉಂಗುರ, ಬಾಡಿ ಎರಡನ್ನೂ 120 ನಂಬರಿನ ಎಮರಿ ಪೇಪರಿನಿಂದ ಬಿಳಿ ತಗಡು ಕಾಣುವವರೆಗೆ ತಿಕ್ಕು. ಹಲ್ಲಿನ ವಾಷರ್ ಹಾಕಿ ಬಿಗಿಮಾಡು. ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರು. ಹೋಲ್ಡರಿನ ಪಟ್ಟಿಗಳ ಮೇಲೆ ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಒಣಗಲು ಬಿಡು. ಪ್ಲಾಸ್ಟಿಕ್ ಕಂದಿ ಕರಗಿದ್ದರೆ ಹೋಲ್ಡರ್ ಬದಲಿಸಲೇಬೇಕು, ಅಲ್ಲಿ ಸ್ಪ್ರಿಂಗಿನ ಬಿಗಿ ಹೋಗಿರುತ್ತದೆ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿಯುವ ಮಳೆಯಲ್ಲಿ ನಿಂತ ಕಾರಿಗೆ ಈ ಕಿಲುಬು ಸಾಮಾನ್ಯ. ದೀಪದ ಹಿಂದಿನ ರಬ್ಬರ್ ಗ್ಯಾಸ್ಕೆಟ್ ಒಣಗಿ ಬಿರುಕು ಬಿಟ್ಟಿದ್ದರೆ ಅದನ್ನೂ ಹೊಸದು ಹಾಕಿಸು. ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕೆಲಸ.

ಬೇರೆ ರೀತಿಯ ದೋಷ ಬಂದಾಗ ಮೊದಲು ಸಾಮಾನಿನ ಬ್ಯಾಗ್ ಬಿಚ್ಚಬೇಡ, ಯಾವ ದೀಪ ಉರಿಯುತ್ತದೆ, ಯಾವುದು ಇಲ್ಲ ಅಂತ ನೋಡು. ಕತ್ತಲಾದ ಮೇಲೆ ಕಾರನ್ನು ಗೋಡೆಗೆ ಹಿಂದು ಮಾಡಿ ನಿಲ್ಲಿಸಿ ಬ್ರೇಕ್ ತುಳಿದರೆ ಮೂರೂ ದೀಪದ ಕೆಂಪು ಕನ್ನಡಿಯಲ್ಲಿ ಕಾಣುತ್ತದೆ. ಒಂದೇ ಕಡೆ ಇಲ್ಲವಾದರೆ ಬಲ್ಬ್, ಹೋಲ್ಡರ್ ಅಥವಾ ಆ ಕಡೆಯ ವೈರು. ಕೆಳಗಿನ ಎರಡೂ ಇಲ್ಲ, ಹಿಂದಿನ ಗಾಜಿನ ಹತ್ತಿರ ಮೇಲಿರುವ ಮೂರನೆಯ ಬ್ರೇಕ್ ದೀಪ ಉರಿಯುತ್ತದೆ ಅಂದರೆ ಹೆಚ್ಚಾಗಿ ಎರಡು ಬಲ್ಬೂ ಹೋಗಿವೆ. ಒಂದು ಯಾವಾಗಲೋ ಹೋಗಿರುತ್ತದೆ, ಎರಡನೆಯದು ಹೋದಾಗಲೇ ನಮ್ಮ ಗಮನಕ್ಕೆ ಬರುವುದು. ಮೂರೂ ಇಲ್ಲವಾದರೆ ಫ್ಯೂಸ್, ಪೆಡಲ್ ಸ್ವಿಚ್ ಅಥವಾ ಇವೆರಡರಿಂದ ಹಿಂದಕ್ಕೆ ಹೋಗುವ ಒಂಟಿ ವೈರು.

ಬಲ್ಬ್ ಹಾಕುವಾಗ ಒಂದು ಸೂಕ್ಷ್ಮ. ಪಿ21/5ಡಬ್ಲ್ಯು ಬುಡದ ಎರಡು ಗುಬಟುಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಇರುತ್ತದೆ, ಬಲ್ಬ್ ಒಂದೇ ದಿಕ್ಕಿನಲ್ಲಿ ಕೂರಲಿ ಅಂತ. ಸವೆದ ಹೋಲ್ಡರಿನಲ್ಲಿ ಒತ್ತಿ ತಿರುಗಿಸಿದರೆ ಉಲ್ಟಾ ಕೂರುವುದೂ ಉಂಟು. ಆಗ ಟೇಲ್ ಲೈಟ್ 21 ವ್ಯಾಟಿನಲ್ಲಿ ಉರಿದು ಹೋಲ್ಡರನ್ನು ಸುಡುತ್ತದೆ, ಬ್ರೇಕಿಗೆ ಸಿಗುವುದು 5 ವ್ಯಾಟ್. ಒಂಟಿ ಫಿಲಮೆಂಟಿನ ಪಿ21ಡಬ್ಲ್ಯು ತಂದು ಅದೇ ಹೋಲ್ಡರಿಗೆ ತುರುಕಿದರೆ ಅದರ ಅಗಲ ತುದಿ ಎರಡೂ ಸ್ಪ್ರಿಂಗನ್ನು ಮುಟ್ಟಿ ಬ್ರೇಕ್ ತುಳಿದಾಗ ಎಲ್ಲ ಟೇಲ್ ಲೈಟೂ ಡ್ಯಾಶ್‌ಬೋರ್ಡೂ ಪೂರ್ತಿ ಬೆಳಗುತ್ತವೆ. ಮಂಕಾಗಿ ಬೆಳಗಿದರೆ ಅರ್ತ್, ಪೂರ್ತಿ ಬೆಳಗಿದರೆ ತಪ್ಪು ಬಲ್ಬ್. ಅಗ್ಗದ ಎಲ್‌ಇಡಿ ಬಲ್ಬ್ ಅಂತೂ ನನಗೆ ಒಪ್ಪಿಗೆಯಿಲ್ಲ. ಬಹಳಷ್ಟರಲ್ಲಿ ಟೇಲ್ ಬೆಳಕಿಗೂ ಬ್ರೇಕ್ ಬೆಳಕಿಗೂ ಅಂತರವೇ ಸಾಲದು. ಹಿಂದಿನವರಿಗೆ ನೀನು ಬ್ರೇಕ್ ತುಳಿದೆಯೋ ಇಲ್ಲವೋ ಗೊತ್ತಾಗಬೇಕಾದದ್ದು ಆ ಅಂತರದಿಂದಲೇ. ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳ ಮೇಲೆ ರಾತ್ರಿ ಬರುವಾಗ ದೀಪವಿಲ್ಲದ ಟ್ರೇಲರ್ ಎದುರು ಕಂಡು ನೀನು ಥಟ್ಟನೆ ಬ್ರೇಕ್ ತುಳಿಯಬೇಕಾಗುತ್ತದೆ, ನಿನ್ನ ಹಿಂದಿನ ಬಸ್ಸಿನವರು ನೋಡುವುದು ನಿನ್ನ ದೀಪವನ್ನು.

ಫ್ಯೂಸ್ ಹೆಚ್ಚಾಗಿ 10 ಅಥವಾ 15 ಆಂಪಿಯರಿನದು. 10 ಕೆಂಪು, 15 ನೀಲಿ. ಕೀಳದೆಯೇ ನೋಡಬಹುದು: ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತವೆ. ಟೆಸ್ಟ್ ಲ್ಯಾಂಪ್ (ಒಂದು ಕಡೆ ಅರ್ತ್‌ಗೆ ಹಾಕುವ ಕ್ಲಿಪ್, ಇನ್ನೊಂದು ಕಡೆ ಮುಟ್ಟಿಸುವ ಮೊನೆ ಇರುವ ಸಣ್ಣ ದೀಪ) ಎರಡರ ಮೇಲೂ ಉರಿದರೆ ಫ್ಯೂಸ್ ಸರಿ, ಒಂದರ ಮೇಲೆ ಮಾತ್ರ ಉರಿದರೆ ಹೋಗಿದೆ. ಹೊಸದೂ ಹಾರಿದರೆ ದೊಡ್ಡ ಫ್ಯೂಸ್ ಹಾಕುವುದು, ತಂತಿ ಸುತ್ತುವುದು ಮಾಡಲೇಬೇಡ. ಫ್ಯೂಸ್ ಉಳಿದು ವೈರಿಂಗ್ ಉರಿಯುತ್ತದೆ. ಹಿಂದಿನ ಎರಡೂ ಬಲ್ಬ್ ತೆಗೆದಿಟ್ಟು ಫ್ಯೂಸಿನ ಜಾಗದಲ್ಲಿ ಎರಡು ವೈರು ಕಟ್ಟಿದ ಒಂದು 21 ವ್ಯಾಟಿನ ಬಲ್ಬ್ ಸೇರಿಸು. ಪೆಡಲ್ ಮುಟ್ಟದೆಯೇ ಅದು ಪೂರ್ತಿ ಉರಿದರೆ ಶಾರ್ಟ್ ಫ್ಯೂಸ್ ಮತ್ತು ಸ್ವಿಚ್ಚಿನ ನಡುವೆ, ಅಥವಾ ಅದೇ ಫ್ಯೂಸಿನಲ್ಲಿರುವ ಬೇರೆ ಲೈನಿನಲ್ಲಿದೆ. ತುಳಿದಾಗ ಮಾತ್ರ ಉರಿದರೆ ಸ್ವಿಚ್ಚಿನ ಆಚೆ. ಈಗ ಹಿಂದಿನ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋಗು. ಯಾವುದನ್ನು ಬಿಚ್ಚಿದಾಗ ದೀಪ ಆರುತ್ತದೋ ಶಾರ್ಟ್ ಆ ಕವಲಿನಲ್ಲಿದೆ. ಆ ಬಲ್ಬೇ ಕರೆಂಟಿಗೆ ಮಿತಿ ಹಾಕುವುದರಿಂದ ಹುಡುಕುವಾಗ ಏನೂ ಸುಡುವುದಿಲ್ಲ.

ಹಿಂಬಾಗಿಲ ಮಡಿಕೆಯ ಬಳಿಯ ರಬ್ಬರ್ ತೋಳಿನೊಳಗೆ ಮೊದಲು ನೋಡು. ಬಾಗಿಲು ತೆಗೆದು ಹಾಕುತ್ತ ಅಲ್ಲಿನ ವೈರು ಒಳಗೆ ಮುರಿಯುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ನೆಟ್ಟಗಿರುತ್ತದೆ. ಮೆಲ್ಲಗೆ ಎಳೆದರೆ ಮುರಿದ ವೈರು ಹಿಗ್ಗುತ್ತದೆ, ಗಟ್ಟಿ ಇರುವುದು ಹಿಗ್ಗುವುದಿಲ್ಲ. 1 ಚದರ ಮಿಲಿಮೀಟರಿನ ಬಹು ಎಳೆಯ ಆಟೊ ವೈರನ್ನು ತೋಳಿನ ಆಚೆ-ಈಚೆಗೆ ದಾಟಿಸಿ, ಜಾಯಿಂಟ್‌ಗಳನ್ನು ಬಾಗದ ಜಾಗದಲ್ಲಿ ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿ ಒತ್ತಿ ಕೂಡಿಸಿ) ಹೀಟ್ ಶ್ರಿಂಕ್, ಅಂದರೆ ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ, ಹಾಕಬೇಕು. ಬಾಗುವ ಜಾಗದಲ್ಲಿ ಬೆಸುಗೆ ಹಾಕಿದರೆ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ರಿವರ್ಸ್ ಕ್ಯಾಮೆರಾ ಹಾಕುವಾಗ ಸುತ್ತಿದ ಟೇಪಿನ ಜಾಯಿಂಟ್ ಕಂಡರೆ ಅದನ್ನೂ ಬಿಚ್ಚಿ ಸರಿಮಾಡು. ವಿಜಯಪುರದ ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ.

ಪೆಡಲ್ ಸ್ವಿಚ್ ಕಾಲಿನ ಮೇಲ್ಗಡೆ, ಪೆಡಲ್ ತೋಳಿನ ಎದುರಿಗಿದೆ. ಕಾಲು ಇಡದಿದ್ದಾಗ ತೋಳು ಅದರ ಗುಂಡಿಯನ್ನು ಒತ್ತಿಕೊಂಡಿರುತ್ತದೆ, ದೀಪ ಆರಿರುತ್ತದೆ. ತುಳಿದರೆ ಗುಂಡಿ ಹೊರಗೆ ಬಂದು ದೀಪ ಹತ್ತುತ್ತದೆ. ಎರಡು ಪಿನ್ನಿನದಾದರೆ ಕನೆಕ್ಟರ್ ಕಿತ್ತು ಆ ಎರಡು ತುದಿಗಳನ್ನು ತುಂಡು ವೈರಿನಿಂದ ಸೇರಿಸು. ದೀಪ ಹತ್ತಿದರೆ ಸ್ವಿಚ್ ಹೋಗಿದೆ. ನಾಲ್ಕು ಪಿನ್ನಿನದಾದರೆ ಒಂದು ಜೋಡಿ ದೀಪಕ್ಕೆ, ಇನ್ನೊಂದು ಇಂಜಿನ್ ಕಂಪ್ಯೂಟರಿಗೆ. ವೈರಿಂಗ್ ನಕಾಶೆ ಇಲ್ಲದೆ ಅಲ್ಲಿ ತುಂಡು ವೈರು ಹಾಕಬೇಡ. ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ) ಕಾರು ಸ್ಟಾರ್ಟೇ ಆಗುತ್ತಿಲ್ಲ ಅಂತ ಯಾರಾದರೂ ಅಂದರೆ ಬ್ರೇಕ್ ಲೈಟ್ ಹತ್ತುತ್ತದೆಯೇ ಅಂತ ಮೊದಲು ಕೇಳು. ಬ್ರೇಕ್ ಒತ್ತಿದ ಸುದ್ದಿ ಕಂಪ್ಯೂಟರಿಗೆ ಮುಟ್ಟದಿದ್ದರೆ ಅದು ಸ್ಟಾರ್ಟ್ ಮಾಡಲು ಬಿಡುವುದಿಲ್ಲ.

ಕಾಲು ತೆಗೆದರೂ ದೀಪ ಆರದಿದ್ದರೆ ಮ್ಯಾಟಿನ ಮೇಲೆ ಪ್ಲಾಸ್ಟಿಕ್ ಚೂರು ಬಿದ್ದಿದೆಯೇ ಹುಡುಕು. ಪೆಡಲ್ ತೋಳಿನ ತೂತಿಗೆ ಕೂರಿಸಿದ ಸಣ್ಣ ಸ್ಟಾಪರ್ ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ. ಆಗ ಗುಂಡಿ ತೂತಿನೊಳಗೆ ಹೊಕ್ಕು ಒತ್ತಿಕೊಳ್ಳುವುದೇ ಇಲ್ಲ. ಎರಡು ಬಲ್ಬ್ ಸೇರಿ 3.5 ಆಂಪಿಯರ್, 35 ಆಂಪಿಯರ್-ಅವರ್ ಬ್ಯಾಟರಿ ಬೆಳಗಾಗುವುದರೊಳಗೆ ಬರಿದು. ಹೊಸ ಸ್ಟಾಪರ್ ಸಿಗುವತನಕ ರಾತ್ರಿ ಆ ಫ್ಯೂಸ್ ಕಿತ್ತಿಡು, ಬೆಳಿಗ್ಗೆ ಹೊರಡುವ ಮುಂಚೆ ಹಾಕುವುದನ್ನು ಮಾತ್ರ ಮರೆಯಬೇಡ.

ಟೆಸ್ಟ್ ಲ್ಯಾಂಪನ್ನು ಹಳದಿ ಕನೆಕ್ಟರುಗಳ ಹತ್ತಿರ ಒಯ್ಯಲೇಬೇಡ, ಅವು ಏರ್‌ಬ್ಯಾಗಿನವು. ಪೂರ್ತಿ ಎಲ್‌ಇಡಿ ದೀಪದ ಹೊಸ ಕಾರುಗಳಲ್ಲಿ ಬಾಡಿ ಕಂಪ್ಯೂಟರೇ ದೀಪಕ್ಕೆ ಕರೆಂಟ್ ಕೊಡುವುದುಂಟು. ಅಲ್ಲಿ ಮಲ್ಟಿಮೀಟರ್ ಮಾತ್ರ ಸಾಕು, ಕನೆಕ್ಟರಿನಲ್ಲಿ ಪ್ಲಸ್, ಅರ್ತ್ ಎರಡೂ ಸರಿ ಇದ್ದು ದೀಪ ಉರಿಯದಿದ್ದರೆ ಇಡೀ ದೀಪವನ್ನೇ ಬದಲಿಸಬೇಕಾಗುತ್ತದೆ. ನಿನ್ನ ಕಾರಿನ ಅರ್ತ್ ತಿಕ್ಕಿದ ಮೇಲೂ 0.2ಕ್ಕಿಂತ ಕೆಳಗೆ ಇಳಿಯದಿದ್ದರೆ ಹೋಲ್ಡರ್, ಕನೆಕ್ಟರ್, ಬೋಲ್ಟ್ ಮೂರೂ ಕಡೆಯ ವೋಲ್ಟ್ ಚೀಟಿಯಲ್ಲಿ ಬರೆದು ಎಲೆಕ್ಟ್ರಿಷಿಯನ್ ಕೈಗೆ ಕೊಡು. ಅದರ ಫೋಟೊ ನನಗೂ ಕಳಿಸು.

ನಿನ್ನ ಅಪ್ಪ