ಇಪ್ಪತ್ತು ತಿಂಗಳ ಮಾತ್ರೆ, ಒಂದು ರಾತ್ರಿಯ ಬತ್ತಿ

2024ರ ಮಾರ್ಚ್‌ನಲ್ಲಿ ಆರಂಭವಾದ ಔಷಧ ನಿರೋಧಕ ಕ್ಷಯದ ಚಿಕಿತ್ಸೆ ಇಪ್ಪತ್ತು ತಿಂಗಳಿಗೆ ಮುಗಿದು, ಕಳೆದ ವಾರ ಕೊನೆಯ ಮಾತ್ರೆ ನುಂಗಿದೆ. ಬೆನ್ನುಮೂಳೆಗೆ ಕ್ಷಯ ತಗುಲಿದ್ದು, ಅದನ್ನು ಸೊಂಟನೋವೆಂದು ನಂಬಿ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡಿದ್ದು, ಇವೆಲ್ಲ ಕುಮಟೆಯ ಸ್ನೇಹಿತರಿಗೆ ಗೊತ್ತಿರುವ ಕತೆಯಾದ್ದರಿಂದ ಮತ್ತೆ ಹೇಳುವುದಿಲ್ಲ.

ಮೊದಲ ಋಣ ಒಬ್ಬ ಲ್ಯಾಬ್ ತಂತ್ರಜ್ಞರದು. ಮೊದಲು ಹೋದ ಆಸ್ಪತ್ರೆಯಲ್ಲಿ ನನ್ನ ಬೆನ್ನಿನಿಂದ ತೆಗೆದದ್ದನ್ನೆಲ್ಲ ಫಾರ್ಮಲಿನ್‌ನಲ್ಲಿ ಹಾಕಿಬಿಟ್ಟಿದ್ದರು. ಫಾರ್ಮಲಿನ್ ರೋಗಾಣುವನ್ನೇ ಕೊಲ್ಲುವುದರಿಂದ ಅದನ್ನು ಬೆಳೆಸಿ, ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ದಾರಿ ಅಲ್ಲಿಗೇ ಮುಚ್ಚಿತು; ಸಾಮಾನ್ಯ ಕ್ಷಯದ ಮಾತ್ರೆ ನುಂಗುತ್ತಲೇ ನನ್ನ ಕಾಲುಗಳು ಸೋಲತೊಡಗಿದವು. ಶ್ವಾಸಕೋಶದ ಕ್ಷಯವಾದರೆ ಮರುದಿನ ಮತ್ತೆ ಕಫ ಕೊಡಬಹುದು, ಮೂಳೆಯ ಕೀವನ್ನು ಹಾಗೆ ಕೊಡಲಾಗದು, ಅದರಲ್ಲಿರುವ ರೋಗಾಣುಗಳೂ ಕಡಿಮೆ. ಎರಡನೆಯ ಬಾರಿ ಸೂಜಿ ಹಾಕಿದಾಗ ಈ ತಂತ್ರಜ್ಞರು ಅರ್ಧ ಭಾಗವನ್ನು ಸಲೈನಿನಲ್ಲೇ ಇಡಬೇಕೆಂದು ಪಟ್ಟು ಹಿಡಿದರು. ಆ ಅರ್ಧದಿಂದಲೇ, ರೋಗಾಣುವಿನ ಜೀನ್ ನೋಡುವ ಸಿಬಿನಾಟ್ ಪರೀಕ್ಷೆಯಲ್ಲಿ ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ, ಆಮೇಲಿನ ಪರೀಕ್ಷೆಯಲ್ಲಿ ಇನ್ನೊಂದು ಮುಖ್ಯ ಔಷಧವಾದ ಐಸೋನಿಯಾಜಿಡ್‌ಗೂ ನನ್ನ ರೋಗ ಜಗ್ಗದೆಂಬುದು ತಿಳಿಯಿತು.

ಚಿಕಿತ್ಸೆ ನೀಡಿದ ವೈದ್ಯರು, ಹೆದ್ದಾರಿ ಮುಚ್ಚಿದಾಗ ಕಾರವಾರದಿಂದ ರೈಲಿನಲ್ಲಿ ಔಷಧ ತಂದ ಆರೋಗ್ಯ ಕಾರ್ಯಕರ್ತರು, ನಾನು ಪಾಠ ಮಾಡುವ ಹತ್ತನೆಯ ತರಗತಿಯನ್ನು ಹಂಚಿಕೊಂಡ ಶಾಲೆಯ ಸಹೋದ್ಯೋಗಿಗಳು, ಪೋಷಣೆಗೆಂದು ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1000 ರೂಪಾಯಿ ಕೊಟ್ಟ ಸರ್ಕಾರ, ಎಲ್ಲರಿಗೂ ನಮಸ್ಕಾರ. ನನ್ನ ಔಷಧಗಳಲ್ಲೊಂದಾದ ಕ್ಲೋಫಾಜಿಮಿನ್‌ನಿಂದ ಕಪ್ಪಾದ ಮುಖವನ್ನು ಮದುವೆಮನೆಗಳಲ್ಲಿ ಗುರುತಿಸದವರ ಮೇಲೆ ನನಗೆ ಸಿಟ್ಟಿಲ್ಲ. ಕೆಮ್ಮೇ ಇಲ್ಲದವನ ಲೋಟವನ್ನು ಬೇರೆ ಇಟ್ಟವರ ಮೇಲೆ ಸ್ವಲ್ಪ ಇದೆ.

ಇನ್ನು ಅತ್ತಿಗೆ.

2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಅಣ್ಣ ಅಂಕೋಲೆಯ ಆಚೆ ಸಿಲುಕಿಕೊಂಡ. ಮನೆಯಲ್ಲಿ ಅತ್ತಿಗೆ ಮತ್ತು ನಾನು ಇಬ್ಬರೇ. ವಿದ್ಯುತ್ ಇರಲಿಲ್ಲ, ಮಳೆ ಬಿಡುವು ಕೊಡಲಿಲ್ಲ. ನಾನು ನುಂಗುತ್ತಿದ್ದ ಔಷಧಗಳಲ್ಲೊಂದಾದ ಸೈಕ್ಲೋಸೆರಿನ್ ಕೆಲವರ ಮನಸ್ಸನ್ನು ಕಲಕುತ್ತದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರೂ ಅದು ಒಳಗಿನಿಂದ ಹೇಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಅಟ್ಟದ ಮೇಲೆ ಯಾರೋ ನನ್ನ ವಿಷಯವನ್ನೇ ಪಿಸುಗುಡುತ್ತಿದ್ದಾರೆಂದು ಮೂರು ದಿನಗಳಿಂದ ಅನಿಸುತ್ತಿತ್ತು. ನಾಲ್ಕನೆಯ ರಾತ್ರಿ, ಮಾತ್ರೆಯಲ್ಲಿ ಅತ್ತಿಗೆಯೇ ವಿಷ ಬೆರೆಸಿದ್ದಾರೆಂದು ಕೂಗಿ, ಆ ತಿಂಗಳ ಮಾತ್ರೆಗಳನ್ನೆಲ್ಲ ಅಂಗಳದ ನೀರಿಗೆ ಎಸೆದೆ. ಬಾವಿಯ ಕಡೆಗೂ ನಡೆದೆ. ಇದನ್ನು ನಾನು ಈವರೆಗೆ ಯಾರ ಮುಂದೆಯೂ ಹೇಳಿಲ್ಲ.

ಅತ್ತಿಗೆ ವಾದಿಸಲಿಲ್ಲ, ಅಳಲಿಲ್ಲ. ನನ್ನ ತೋಳು ಹಿಡಿದು ಜಗುಲಿಗೆ ಕರೆತಂದು, ಹೊಸ್ತಿಲಿಗೆ ಅಡ್ಡವಾಗಿ ಕುಳಿತು, ಲಾಟೀನಿನ ಬೆಳಕಿನಲ್ಲಿ ಹತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ದೇವರ ದೀಪಕ್ಕೆ ಬತ್ತಿ ಹೊಸೆಯತೊಡಗಿದರು. ನಾನು ಏನು ಅಂದರೂ ಒಂದೇ ಉತ್ತರ: "ಬೆಳಗಾಗ್ಲಿ ತಮಾ, ಆಮೇಲೆ ನೋಡ್ವ." ಆಡಬಾರದ ಮಾತುಗಳನ್ನು ಅವರಿಗೆ ಆಡಿದೆ, ಅವರ ತವರಿನವರನ್ನೂ ಬಿಡಲಿಲ್ಲ. ಬೆಳಕು ಹರಿದಾಗ ಹರಿವಾಣದ ತುಂಬ ಬತ್ತಿಗಳಿದ್ದವು. ಅವರು ಕೊಡೆ ಹಿಡಿದು ಅಂಗಳಕ್ಕಿಳಿದು, ಕರಗದೆ ಉಳಿದ ಮಾತ್ರೆಗಳನ್ನು ಹೆಕ್ಕಿ, ಯಾವುದು ಎಷ್ಟು ಹಾಳಾಗಿದೆಯೆಂದು ಚೀಟಿಯಲ್ಲಿ ಬರೆದು, ಫೋನಿನಲ್ಲಿ ವೈದ್ಯರಿಗೆ ಓದಿ ಹೇಳಿದರು. ಸೈಕ್ಲೋಸೆರಿನ್ ಅಂದೇ ನಿಂತಿತು, ಅದರ ಜಾಗಕ್ಕೆ ಬೇರೆ ಔಷಧ ಬಂತು. ವಾರ ಕಳೆಯುವಷ್ಟರಲ್ಲಿ ಅಟ್ಟದಲ್ಲಿ ಇಲಿಗಳು ಮಾತ್ರ ಉಳಿದಿದ್ದವು.

ಆ ಮಾತುಗಳನ್ನು ಔಷಧದ ತಲೆಗೆ ಕಟ್ಟಿ ನಾನು ನಿರಾಳನಾಗಬಹುದು. ಕೇಳಿಸಿಕೊಂಡವರು ಮಾತ್ರ ಅವರೇ. ಕ್ಷಮೆ ಕೇಳಲು ಹೋದ ದಿನ ಅವರು ಅಪ್ಪೆಹುಳಿಗೆ ಒಗ್ಗರಣೆ ಹಾಕುತ್ತಿದ್ದರು, ಉಪ್ಪು ಸಾಕೇ ನೋಡೆಂದು ಸೌಟು ಮುಂದೆ ಚಾಚಿದರು. ಅಲ್ಲಿಗೆ ಆ ಮಾತು ನಿಂತಿತ್ತು. ಆದ್ದರಿಂದ ಇಲ್ಲಿ ಎಲ್ಲರೆದುರು ಕೇಳುತ್ತಿದ್ದೇನೆ: ಅತ್ತಿಗೆ, ತಪ್ಪಾಯಿತು.

ಲೈನೆಜೋಲಿಡ್ ಎಂಬ ಔಷಧ ಬಿಟ್ಟುಹೋದ ಪಾದದ ಜೋಮು ಇನ್ನೂ ಇದೆ, ಆದರೆ ಕೋಲಿಲ್ಲದೆ ಶಾಲೆಯ ಮೆಟ್ಟಿಲು ಹತ್ತುತ್ತೇನೆ. ಇನ್ನೆರಡು ವರ್ಷಗಳ ಕಾಲ, ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕಿದೆ. ಮೊದಲ ತಪಾಸಣೆಯ ತಾರೀಖಿಗೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅತ್ತಿಗೆ ಆಗಲೇ ಗುರುತು ಹಾಕಿದ್ದಾರೆ.